ಸಿಪ್ರೋಫ್ಲಾಕ್ಸಸಿನ್ ಜೊತೆ ಮೋಷನ್ ಸಿರಪ್, ನಡುವೆ ಎಷ್ಟು ಗ್ಯಾಪ್ ಬಿಡ್ಬೇಕು?

ಬಿಳಿಮೋಡ:
ಅಮ್ಮಂಗೆ ಯೂರಿನ್ ಇನ್ಫೆಕ್ಷನ್ ಅಂತ ಡಾಕ್ಟ್ರು ಸಿಪ್ರೋಫ್ಲಾಕ್ಸಸಿನ್ 500 ಅನ್ನೋ ಆಂಟಿಬಯಾಟಿಕ್ ಬರ್ದಿದಾರೆ, ಬೆಳಿಗ್ಗೆ 8ಕ್ಕೊಂದು ರಾತ್ರಿ 8ಕ್ಕೊಂದು. ಅವ್ರಿಗೆ ಮೊದ್ಲಿಂದಾನೂ ಮೋಷನ್ ಸರಿಯಾಗಿ ಆಗಲ್ಲ, ದಿನಾ ರಾತ್ರಿ ಮಿಲ್ಕ್ ಆಫ್ ಮೆಗ್ನೀಷಿಯಾ ಕುಡೀತಾರೆ. ಎರಡು ದಿನದಿಂದ ಮಾತ್ರೆ ನುಂಗಿದ ಹಿಂದೇನೇ ಸಿರಪ್ಪೂ ಹೋಗಿದೆ, ನಾನೇ ಮುಚ್ಚಳದಲ್ಲಿ ಅಳೆದು ಕೊಟ್ಟಿದ್ದು. ಇವತ್ತು ಡಬ್ಬಿಯೊಳಗಿನ ಚೀಟಿ ಬಿಡಿಸಿ ಓದಿದ್ರೆ ಮೆಗ್ನೀಷಿಯಂ ಜೊತೆ ತಗೋಬಾರ್ದು ಅಂತಿದೆ. ಉರಿ ಇನ್ನೂ ಕಮ್ಮಿ ಆಗಿಲ್ಲ, ಭಯ ಆಗ್ತಿದೆ. ಎಷ್ಟು ಹೊತ್ತು ಬಿಟ್ಟು ಕೊಡ್ಲಿ?

ಮಾತ್ರೆಪೆಟ್ಟಿಗೆ:
ನಾನು ಫಾರ್ಮಸಿಸ್ಟ್. ಚೀಟಿ ಓದಿದ್ದು ಒಳ್ಳೇದಾಯ್ತು. ಹೊಟ್ಟೇಲಿ ಮೆಗ್ನೀಷಿಯಂ ಸಿಕ್ಕಿದ್ರೆ ಸಿಪ್ರೋ ಅದಕ್ಕೆ ಅಂಟ್ಕೊಂಡ್ಬಿಡುತ್ತೆ, ಹಾಗೆ ಅಂಟ್ಕೊಂಡಿದ್ದು ರಕ್ತಕ್ಕೆ ಸೇರಲ್ಲ, ಕರುಳಲ್ಲೇ ಹಾದು ಹೊರಗ್ಹೋಗುತ್ತೆ, ಮಾತ್ರೆ ನುಂಗಿದ ಲೆಕ್ಕ ಇರುತ್ತೆ ಆದ್ರೆ ಕೆಲಸ ಆಗಿರಲ್ಲ. ಸಿಪ್ರೋನ ಸಿರಪ್‌ಗಿಂತ 2 ಗಂಟೆ ಮೊದ್ಲೇ ಕೊಡ್ಬೇಕು, ಇಲ್ಲಾಂದ್ರೆ ಸಿರಪ್ ಕುಡಿದು 6 ಗಂಟೆ ಆದ್ಮೇಲೆ. ಎರಡೂ ಕಡೆ ಒಂದೇ ಗ್ಯಾಪ್ ಅಂದ್ಕೊಂಡು ತುಂಬಾ ಜನ ಇಲ್ಲೇ ತಪ್ತಾರೆ. ನಿಮ್ಮ ಟೈಮಿಗೆ ಹೊಂದಿಸಿದ್ರೆ ರಾತ್ರಿ 8ಕ್ಕೆ ಮಾತ್ರೆ, 10 ಗಂಟೆ ಮೇಲೆ ಸಿರಪ್, ಬೆಳಿಗ್ಗೆ 8ರ ಹೊತ್ತಿಗೆ 10 ಗಂಟೆ ಕಳೆದಿರುತ್ತೆ. ಬೆಳಿಗ್ಗೆ ಮಾತ್ರ ಸಿರಪ್ ಬೇಡ.

ಆದ್ರೆ ಇವತ್ತೇ ಡಾಕ್ಟ್ರಿಗೆ ಫೋನ್ ಮಾಡಿ, ಎರಡು ರಾತ್ರಿ ಹೀಗಾಗಿದೆ ಅಂತ ಮುಚ್ಚಿಡದೆ ಹೇಳಿ. ಹೋಗಿದ್ದು ಹೋಯ್ತು ಅಂತ ನೀವೇ ಎಕ್ಸ್ಟ್ರಾ ಮಾತ್ರೆ ಕೊಡೋಕೆ ಹೋಗ್ಬೇಡಿ. ಅಮ್ಮಂಗೆ ಕಿಡ್ನಿ ತೊಂದ್ರೆ ಇದ್ರೆ ಮೆಗ್ನೀಷಿಯಂ ರಕ್ತದಲ್ಲಿ ಜಮಾ ಆಗುತ್ತೆ, ಹಾಗಾಗಿ ಈ ಸಿರಪ್ ದಿನಾ ಕುಡೀಬಹುದಾ ಅನ್ನೋದನ್ನೂ ಕೇಳ್ಲೇಬೇಕು.

ಹುಣಸೆಮರ:
ನಂಗೆ ಡಾಕ್ಸಿಸೈಕ್ಲಿನ್ ಅನ್ನೋ ಬೇರೆ ಆಂಟಿಬಯಾಟಿಕ್ ಕೊಟ್ಟಿದ್ದಾಗ ಇದೇ ಗೊಂದಲ, ಅದೂ ಮೆಗ್ನೀಷಿಯಂಗೆ ಅಂಟ್ಕೊಳ್ಳೋ ಜಾತೀನೇ. ನಾನು ಕುಡೀತಿದ್ದಿದ್ದು ಇಸಬ್ಗೋಲ್, ಲೋಟದಲ್ಲಿ ಕಲಸಿ ಸ್ವಲ್ಪ ಹೊತ್ತು ಬಿಟ್ರೆ ಚಮಚ ನಿಲ್ಲೋ ಹಾಗೆ ಲೋಳೆ ಆಗುತ್ತಲ್ಲ, ಒಳಗೂ ಹಾಗೇ ಉಬ್ಬಿ ಬೇರೆ ಮಾತ್ರೆಗಳನ್ನ ಹಿಡ್ಕೊಳ್ಳಬಹುದು ಅಂತ ಡಾಕ್ಟ್ರು 2 ಗಂಟೆ ಗ್ಯಾಪ್ ಇಡಿಸಿದ್ರು. ಜೊತೆಗೆ ತುಂಬಾ ನೀರು ಕುಡೀಬೇಕು, ಕಮ್ಮಿ ಕುಡಿದ್ರೆ ಅದೇ ಗಟ್ಟಿಯಾಗಿ ಕಟ್ಕೊಳ್ಳುತ್ತೆ. ಫೋನಲ್ಲಿ ಎರಡು ಬೇರೆ ಬೇರೆ ಅಲಾರಂ ಇಟ್ಕೊಂಡಿದ್ದೆ, ಅಮ್ಮಂಗೂ ಹಾಗೇ ಮಾಡಿ.

ನೀಲಿಗುಬ್ಬಿ:
ಇನ್ನೊಂದು ಯಾರೂ ಹೇಳ್ಲಿಲ್ಲ, ಆಂಟಿಬಯಾಟಿಕ್‌ನಿಂದಾನೇ ಎಷ್ಟೋ ಜನಕ್ಕೆ ಭೇದಿ ಶುರುವಾಗುತ್ತೆ. ಮೋಷನ್ ತೆಳ್ಳಗಾಯ್ತು ಅಂದ್ರೆ ಅವತ್ತೇ ಸಿರಪ್ ನಿಲ್ಸಿ, ಅಭ್ಯಾಸ ಅಂತ ಮುಂದುವರಿಸ್ಬೇಡಿ, ವಯಸ್ಸಾದವ್ರು ಬೇಗ ನಿತ್ರಾಣ ಆಗ್ತಾರೆ. ನೀರ್ನೀರಾಗಿ ಪದೇಪದೇ ಹೋಗೋದು, ರಕ್ತ, ಜ್ವರ, ಜೋರು ಹೊಟ್ಟೆನೋವು ಇದ್ರೆ ತಕ್ಷಣ ಡಾಕ್ಟ್ರ ಹತ್ರ ಹೋಗಿ, ಭೇದಿ ನಿಲ್ಸೋ ಮಾತ್ರೆ ನೀವಾಗೇ ಕೊಡ್ಬೇಡಿ. ಇದು ಕೋರ್ಸ್ ಮುಗಿದು ಕೆಲವು ವಾರ ಆದ್ಮೇಲೂ ಬರಬಹುದು.

ಬಿಳಿಮೋಡ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಡಾಕ್ಟ್ರು ಬೈಲಿಲ್ಲ. ಕೋರ್ಸ್ ಮುಗಿಯೋವರೆಗೂ ಆ ಸಿರಪ್ ಬೇಡ ಅಂತ ಲ್ಯಾಕ್ಟುಲೋಸ್ ಅನ್ನೋ ಬೇರೆ ಮೋಷನ್ ಸಿರಪ್ ಹೇಳಿದಾರೆ, ಅದು ಕೆಲಸ ಮಾಡೋಕೆ ಎರಡು ದಿನ ಬೇಕಾಗಬಹುದಂತೆ. ಯೂರಿನ್ ಕಲ್ಚರ್, ಕಿಡ್ನಿ ನೋಡೋಕೆ ಕ್ರಿಯಾಟಿನಿನ್, ಎರಡು ಟೆಸ್ಟಿಗೂ ಬರ್ದಿದಾರೆ. ಮಾತಾಡ್ತಾ ಗೊತ್ತಾಯ್ತು, ಬೆಳಿಗ್ಗೆ ಸಿಪ್ರೋ ಜೊತೆ ಅಮ್ಮ ಕ್ಯಾಲ್ಸಿಯಂ ಮಾತ್ರೆನೂ ನುಂಗ್ತಿದ್ರು, ಅದೂ ಅಂಟ್ಕೊಳ್ಳುತ್ತಂತೆ! ಈಗ ಅದನ್ನ ಮಧ್ಯಾಹ್ನ 1ಕ್ಕೆ ಹಾಕಿದೀನಿ.