ಜರ್ಮನಿಯಲ್ಲಿ ಹಿವಿ ಕೆಲಸ: ಕಾಂಟ್ರಾಕ್ಟ್‌ಗೆ ಸಹಿ ಆಗೋ ಮುಂಚೆ ಶುರು ಮಾಡಬಹುದಾ?

ಬೆಣ್ಣೆದೋಸೆ_ದಾವಣಗೆರೆ (ಅಕ್ಟೋಬರ್ 2025)

ಎಲ್ಲರಿಗೂ ನಮಸ್ಕಾರ. ಉತ್ತರ ಜರ್ಮನಿಯ ಒಂದು ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಮಾಸ್ಟರ್ಸ್ ಮಾಡುತ್ತಿದ್ದೇನೆ. ಈಗ ಮೂರನೇ ಸೆಮಿಸ್ಟರ್. ಒಬ್ಬ ಪ್ರೊಫೆಸರ್ ಹತ್ತಿರ ಸ್ಟೂಡೆಂಟ್ ಅಸಿಸ್ಟೆಂಟ್ ಕೆಲಸ ಸಿಕ್ಕಿದೆ. ಇಲ್ಲಿ ಎಲ್ಲರೂ ಹಿವಿ ಅಂತಾರಲ್ಲ, ಅದೇ. ಸಿಮ್ಯುಲೇಷನ್ ಡೇಟಾವನ್ನು ಪೈಥಾನ್‌ನಲ್ಲಿ ಕ್ಲೀನ್ ಮಾಡೋದು, ಪ್ಲಾಟ್ ತೆಗೆಯೋದು, ಬ್ಯಾಚುಲರ್ ಹುಡುಗರ ಅಸೈನ್‌ಮೆಂಟ್ ತಿದ್ದೋದು. ವಾರಕ್ಕೆ ಮೂರು ದಿನ, ಒಟ್ಟು 9 ಗಂಟೆ. ಗಂಟೆಗೆ 13.98 ಯೂರೋ. ನವೆಂಬರ್ 1ರಿಂದ ಮಾರ್ಚ್ 31ರ ತನಕ.

ಪ್ರೊಫೆಸರ್ "ಸೋಮವಾರದಿಂದಲೇ ಬಂದುಬಿಡು, ಪೇಪರ್ ಆಮೇಲೆ ಬರುತ್ತೆ" ಅಂದರು. ಸೆಕ್ರೆಟರಿ ಮಾತ್ರ ಮುಖ ಸಿಂಡರಿಸಿ, ಪರ್ಸನಲ್ ವಿಭಾಗದವರು (ನಮ್ಮಲ್ಲಿ ಎಚ್‌ಆರ್ ಅಂತಾರಲ್ಲ, ಅವರು) ಫೈಲ್ ಬೇಗ ಬಿಡೋದಿಲ್ಲ ಅಂದರು. ನನ್ನ ರೂಮ್‌ಮೇಟ್ ಹೋಗಬೇಡ ಅಂತಾನೆ. ಸೀನಿಯರ್ ಒಬ್ಬರು ಹಿವಿ ಮಾಡಿದರೆ ವೀಸಾ ಮೇಲೆ ವರ್ಷಕ್ಕೆ ಕೆಲಸ ಮಾಡಲು ಬಿಡೋ 140 ದಿನ ಖಾಲಿ ಆಗುತ್ತೆ ಅಂತಾರೆ. ಇದರ ಮಧ್ಯೆ ಒಂದು ಕಂಪನಿಯಿಂದ ವಾರಕ್ಕೆ 15 ಗಂಟೆಯ ವರ್ಕ್‌ಸ್ಟೂಡೆಂಟ್ (ಓದುತ್ತಲೇ ಮಾಡೋ ಪಾರ್ಟ್‌ಟೈಮ್) ಕೆಲಸಕ್ಕೂ ಕರೆ ಬಂದಿದೆ. ಎರಡೂ ಒಟ್ಟಿಗೆ ಮಾಡಬಹುದಾ? ಮತ್ತೆ 9 ಗಂಟೆ ಅನ್ನೋದು ಯಾಕೆ, 10 ಯಾಕಲ್ಲ?

ಇನ್ನೊಂದು. ಫೆಬ್ರವರಿಯಲ್ಲಿ ಅಕ್ಕನ ಮದುವೆ. ಎರಡು ವಾರ ಊರಿಗೆ ಹೋಗಬೇಕು. ಆ ಗಂಟೆಗಳನ್ನೆಲ್ಲ ಮುಂಚೆಯೇ ದುಡಿದು ತುಂಬಿಸಬೇಕಾ?

ಹಳೇ_ಹುಲಿ_ತುಮಕೂರು

ಎಲ್ಲ ಕೆಲಸವೂ 120 ದಿನದ ಲೆಕ್ಕಕ್ಕೆ ಬರುತ್ತೆ. ನಮ್ಮ ಕಾಲದಲ್ಲಿ ಪ್ರೊಫೆಸರ್ ಬಾ ಅಂದ ದಿನವೇ ಹೋಗುತ್ತಿದ್ದೆವು. ಕಾಂಟ್ರಾಕ್ಟ್ ಆಮೇಲೆ ಬರುತ್ತಿತ್ತು. ಸುಮ್ನೆ ತಲೆ ಕೆಡಿಸಿಕೊಳ್ಳಬೇಡ, ಹೋಗು. ಪ್ರೊಫೆಸರ್ ಜೊತೆ ಚೆನ್ನಾಗಿದ್ದರೆ ಥೀಸಿಸ್ಸೂ ಅಲ್ಲೇ ಸಿಗುತ್ತೆ.

ಶಿರಸಿ_ಅಪ್ಪೆಹುಳಿ

ಹುಲಿಯವರೇ, ಥೀಸಿಸ್ ವಿಷಯ ಒಪ್ಪಿದೆ. ಉಳಿದಿದ್ದು ಒಪ್ಪೋದಿಲ್ಲ.

ನಾನು ಇಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಹಿವಿ ಮಾಡಿಯೇ ಬಂದವಳು. ಈಗ ನಮ್ಮ ಪ್ರೊಫೆಸರ್ ಹಿವಿಗಳ ಕಾಗದಪತ್ರ ನೋಡಿಕೊಳ್ಳೋ ಕೆಲಸವನ್ನು ನನ್ನ ತಲೆಗೇ ಕಟ್ಟಿದ್ದಾರೆ. ಟೈಮ್‌ಶೀಟ್‌ಗೆ ಮೊದಲ ಸಹಿ ನನ್ನದು. ಉದ್ದ ಬರೆಯುತ್ತೇನೆ, ಟೀ ಇಟ್ಟುಕೊಂಡು ಓದು ತಮ್ಮಾ.

ಸೋಮವಾರ ಹೋಗಬೇಡ. ಪ್ರೊಫೆಸರ್ ಕೆಟ್ಟವರು ಅಂತಲ್ಲ. ಹೆಚ್ಚಿನ ಪ್ರೊಫೆಸರ್‌ಗಳಿಗೆ ಈ ನಿಯಮ ಗೊತ್ತೇ ಇರೋದಿಲ್ಲ. ಇಂಥ ತಾರೀಖಿಗೆ ಮುಗಿಯುತ್ತೆ ಅನ್ನೋ ಕಾಂಟ್ರಾಕ್ಟ್ ಇಲ್ಲಿ ಕಾನೂನಿನ ಮುಂದೆ ನಿಲ್ಲಬೇಕಾದರೆ, ಆ ಗಡುವನ್ನು ಬರೆದು ಎರಡೂ ಕಡೆಯವರು ಸಹಿ ಹಾಕಿರಬೇಕು. ಅದೂ ಕೆಲಸ ಶುರುವಾಗೋ ಮುಂಚೆ. ಬರೀ ಬಾಯಿಮಾತಿನ ಮೇಲೆ ಕೆಲಸ ಶುರುವಾದರೆ ಗಡುವೇ ಬಿದ್ದುಹೋಗಬಹುದು. ಆಗ ಇದು ಕಾಯಂ ನೌಕರಿ ಅಂತ ಕೋರ್ಟಿಗೆ ಹೋಗಲು ದಾರಿ ಆಗುತ್ತೆ. ವಾರಕ್ಕೆ 9 ಗಂಟೆಯ ಕಾಯಂ ನೌಕರ! ಪರ್ಸನಲ್ ವಿಭಾಗದವರು ಹೆದರೋದು ಇದಕ್ಕೇ. ಅದಕ್ಕೇ ಅವರು ಹಿಂದಿನ ತಾರೀಖು ಹಾಕಿ ಕೊಡೋದಿಲ್ಲ.

ಅಷ್ಟರಲ್ಲಿ ನೀನು ಎರಡು ವಾರ ದುಡಿದಿರುತ್ತೀಯ. ಕಾಗದದ ಮೇಲೆ ಆ ಎರಡು ವಾರ ಇರೋದೇ ಇಲ್ಲ. "ಮುಂದಿನ ತಿಂಗಳ ಶೀಟಿಗೆ ಸೇರಿಸಿಕೋ" ಅಂತಾರೆ. ಅಂದರೆ ಕೆಲಸ ಮಾಡದ ದಿನಕ್ಕೆ ಮಾಡಿದೆ ಅಂತ ಬರೆದು ಸಹಿ ಹಾಕಬೇಕು. ಆಮೇಲೆ ಯಾರಾದರೂ ಕೇಳಿದರೆ ಅಲ್ಲಿರೋದು ನಿನ್ನ ಸಹಿ. ಒಂದು ಸಾಲಿನ ಮೇಲ್ ಹಾಕು ಸಾಕು: "ಕಾಂಟ್ರಾಕ್ಟ್‌ಗೆ ಸಹಿ ಆದ ಮಾರನೇ ದಿನವೇ ಬರುತ್ತೇನೆ, ಅಲ್ಲಿ ತನಕ ಓದಿಕೊಳ್ಳಲು ಪೇಪರ್ ಇದ್ದರೆ ಕಳಿಸಿ." ಸಿಸಿಯಲ್ಲಿ ಸೆಕ್ರೆಟರಿಯನ್ನು ಹಾಕು. ಮುಖ ಸಿಂಡರಿಸಿದರು ಅಂದೆಯಲ್ಲ, ಅವರು ನಿನ್ನ ಕಡೆಯವರೇ.

ಈಗ ದಿನದ ಲೆಕ್ಕ. 120 ದಿನ ಅನ್ನೋದು ಹಳೇ ಕಥೆ. 2024ರ ಮಾರ್ಚ್ 1ರಿಂದ 140 ಪೂರ್ತಿ ದಿನ, ಇಲ್ಲವೇ 280 ಅರ್ಧ ದಿನ. ಅರ್ಧ ದಿನ ಅಂದರೆ 4 ಗಂಟೆ ತನಕ. ಆದರೆ ವಿಶ್ವವಿದ್ಯಾಲಯದೊಳಗಿನ ವಿದ್ಯಾರ್ಥಿ ಕೆಲಸ ಆ ಲೆಕ್ಕಕ್ಕೇ ಬರೋದಿಲ್ಲ. ನಿವಾಸ ಕಾನೂನಿನ 16ಬಿ ಕಲಮಿನಲ್ಲೇ ಅದನ್ನು ಬೇರೆ ಇಟ್ಟಿದ್ದಾರೆ. ಹಿವಿ ಮಾಡಿದ್ದಕ್ಕೆ ನಿನ್ನ 140ರಲ್ಲಿ ಒಂದು ದಿನವೂ ಹೋಗೋದಿಲ್ಲ. ಕಂಪನಿ ಕೆಲಸ ಮಾತ್ರ ಲೆಕ್ಕಕ್ಕೆ ಬರುತ್ತೆ. ಅಲ್ಲೂ ಒಂದು ಅನುಕೂಲ ಇದೆ. ಪಾಠ ನಡೆಯೋ ಅವಧಿಯಲ್ಲಿ ವಾರಕ್ಕೆ 20 ಗಂಟೆ ಒಳಗಿದ್ದರೆ ಇಡೀ ವಾರವನ್ನು 2.5 ದಿನ ಅಂತ ಹಿಡಿಯಬಹುದು. ಪಾಠ ಇಲ್ಲದ ಅವಧಿಯಲ್ಲಿ ಎಷ್ಟೇ ಗಂಟೆ ಮಾಡಿದರೂ 2.5 ದಿನವೇ. 52 ವಾರಕ್ಕೆ ಗುಣಿಸಿದರೆ 130. ವರ್ಷ ಪೂರ್ತಿ ಮಾಡಿದರೂ 140 ದಾಟೋದಿಲ್ಲ.

ಹಾಗಾದರೆ ಎರಡೂ ಕೆಲಸ ಹಿಡಿಯಬಹುದು ಅಂತ ಕುಣಿಯಬೇಡ. ಜನ ಎಡವೋದು ಇಲ್ಲೇ. ವೀಸಾದ ದಿನಗಳು ಒಂದು ಪಾಸ್‌ಬುಕ್, ಇನ್ಶೂರೆನ್ಸ್‌ನ ಗಂಟೆಗಳು ಇನ್ನೊಂದು ಪಾಸ್‌ಬುಕ್. ಎರಡನೇದರಲ್ಲಿ ಹಿವಿಗೆ ವಿನಾಯಿತಿ ಇಲ್ಲ. ಪಾಠ ನಡೆಯೋ ಅವಧಿಯಲ್ಲಿ ಎಲ್ಲ ಕೆಲಸ ಸೇರಿ ವಾರಕ್ಕೆ 20 ಗಂಟೆ. ನಿನ್ನದು 9 ಮತ್ತು 15, ಒಟ್ಟು 24. ದಾಟಿದರೆ ಇನ್ಶೂರೆನ್ಸ್‌ನವರ ಕಣ್ಣಿಗೆ ನೀನು ವಿದ್ಯಾರ್ಥಿ ಅಲ್ಲ, ನೌಕರ. ಆರೋಗ್ಯ ವಿಮೆ, ಆರೈಕೆ ವಿಮೆ, ನಿರುದ್ಯೋಗ ವಿಮೆ ಎಲ್ಲ ಸಂಬಳದಿಂದ ಕತ್ತರಿಸುತ್ತಾರೆ. ಸಂಜೆ, ರಾತ್ರಿ, ವಾರಾಂತ್ಯದ ಕೆಲಸಕ್ಕೆ ಒಂದು ಸಡಿಲಿಕೆ ಇದೆ, ವರ್ಷದಲ್ಲಿ 26 ವಾರದ ಮಿತಿಯೊಳಗೆ. ಆದರೆ ನಿನ್ನ ಆಫೀಸ್ ಕೆಲಸ ಹಗಲಿನದು ತಾನೇ? ಕಂಪನಿಯವರ ಹತ್ತಿರ 11 ಗಂಟೆಗೆ ಇಳಿಸಲು ಕೇಳು. ಸೆಮಿಸ್ಟರ್ ರಜೆಯಲ್ಲಿ ಬೇಕಾದರೆ ಜಾಸ್ತಿ ಮಾಡು. ಎರಡೂ ಕಡೆಗೆ ಇನ್ನೊಂದು ಕೆಲಸ ಇದೆ ಅಂತ ಬರೆದು ತಿಳಿಸು. ಮುಚ್ಚಿಟ್ಟರೆ ಇನ್ಶೂರೆನ್ಸ್ ಕಂಪನಿಗೆ ಹೇಗೂ ಗೊತ್ತಾಗುತ್ತೆ. ಎರಡೂ ಕಡೆಯವರು ನಿನ್ನ ಹೆಸರನ್ನು ಅಲ್ಲಿಗೇ ಕಳಿಸೋದು.

9 ಗಂಟೆ ಯಾಕೆ? ಲೆಕ್ಕ ಹಾಕಿ ನೋಡು. ತಿಂಗಳಿಗೆ ಸುಮಾರು 39 ಗಂಟೆ, 13.98ರಂತೆ ಸುಮಾರು 547 ಯೂರೋ. ಮಿನಿಜಾಬ್ ಅಂದರೆ ವಿಮೆ ಕಟಾವು ಹೆಚ್ಚು ಇಲ್ಲದ ಸಣ್ಣ ಸಂಬಳದ ಕೆಲಸ. 2025ರಲ್ಲಿ ಅದರ ಮಿತಿ ತಿಂಗಳಿಗೆ 556 ಯೂರೋ ಇತ್ತು. ವಾರಕ್ಕೆ 10 ಗಂಟೆ ಮಾಡಿದರೆ 608ರ ಹತ್ತಿರ ಹೋಗಿ ಮಿತಿ ದಾಟುತ್ತೆ. ಅದಕ್ಕೇ 9ರ ಮೋಹ. ದಾಟಿದರೆ ಏನೋ ಅನಾಹುತ ಆಗುತ್ತೆ ಅಂತ ನಮ್ಮ ಹುಡುಗರೂ ಹೆದರುತ್ತಾರೆ. ಏನೂ ಆಗೋದಿಲ್ಲ. 20 ಗಂಟೆ ಒಳಗಿರೋ ವಿದ್ಯಾರ್ಥಿಗೆ ಪೆನ್ಷನ್ ಕಟಾವು ಒಂದೇ ಬರೋದು. ಅದೂ ಈ ಹಂತದಲ್ಲಿ ತೀರಾ ಕಡಿಮೆಯಿಂದ ಶುರುವಾಗುತ್ತೆ. ಅಂದಹಾಗೆ ಮಿನಿಜಾಬ್‌ನಲ್ಲೂ 3.6 ಶೇಕಡಾ ಪೆನ್ಷನ್ ಹಿಡಿಯುತ್ತಾರೆ. ನಿನಗದು ತಿಂಗಳಿಗೆ 20 ಯೂರೋದಷ್ಟು. ಬೇಡ ಅಂತ ಬರೆದುಕೊಟ್ಟರೆ ಬಿಡುತ್ತಾರೆ. ಆ ಫಾರ್ಮ್ ಕಾಗದದ ಕಟ್ಟಿನ ತಳದಲ್ಲೇ ಇರುತ್ತೆ, ಹುಡುಕು.

ಇನ್ನು ಅಕ್ಕನ ಮದುವೆ. ಇದರ ಬಗ್ಗೆ ನನಗೆ ಸಿಟ್ಟೇ ಬರುತ್ತೆ, ಕ್ಷಮಿಸು. ಹಿವಿಗೂ ಸಂಬಳದ ರಜೆ ಇದೆ. ಯಾರೂ ಹೇಳೋದಿಲ್ಲ, ಇವರೂ ಕೇಳೋದಿಲ್ಲ. ನಮ್ಮ ಹುಡುಗರು ಊರಿಗೆ ಹೋಗೋ ಮುಂಚೆ ರಾತ್ರಿ ಹಗಲು ಕೂತು ಗಂಟೆ ತುಂಬಿಸುತ್ತಾರೆ. ಪಕ್ಕದ ಟೇಬಲ್ಲಿನ ಜರ್ಮನ್ ಹುಡುಗಿ ರಜೆ ಫಾರ್ಮ್ ಕೊಟ್ಟು ಸ್ಕೀಯಿಂಗ್‌ಗೆ ಹೋಗಿರುತ್ತಾಳೆ. ಕಾನೂನಿನ ಕನಿಷ್ಠ ರಜೆ ವರ್ಷಕ್ಕೆ 4 ವಾರ. ವಾರಕ್ಕೆ 3 ದಿನ ಕೆಲಸ ಇದ್ದರೆ 12 ದಿನ. ನಿನ್ನದು 5 ತಿಂಗಳ ಕಾಂಟ್ರಾಕ್ಟ್, ಅಂದರೆ 5 ದಿನ. ಎರಡು ವಾರದ ಪ್ರವಾಸಕ್ಕೆ ಬೇಕಿರೋದು 6 ದಿನ. ಒಂದೇ ಒಂದು ದಿನದ 3 ಗಂಟೆ ನೀನು ಹೊಂದಿಸಿಕೊಂಡರೆ ಮುಗೀತು.

ಹಾಗೆಯೇ ಜ್ವರ ಬಂದರೆ ಆ ದಿನದ ಗಂಟೆ ಮತ್ತೆ ದುಡಿದು ತೀರಿಸಬೇಕಿಲ್ಲ. ಕೆಲಸಕ್ಕೆ ಸೇರಿ 4 ವಾರ ಆದಮೇಲೆ, 6 ವಾರದ ತನಕ ಕಾಯಿಲೆಯ ಸಂಬಳ ಇದೆ. ಸರ್ಕಾರಿ ರಜೆ ನಿನ್ನ ಕೆಲಸದ ದಿನವೇ ಬಂದರೆ ಅದೂ ಕೆಲಸ ಮಾಡಿದಂತೆಯೇ ಲೆಕ್ಕ. 2025ರಲ್ಲಿ ಡಿಸೆಂಬರ್ 25, 26 ಗುರುವಾರ, ಶುಕ್ರವಾರ ಬಿದ್ದಿವೆ. ನಿನ್ನ ದಿನಗಳಲ್ಲಿ ಗುರುವಾರ ಇದ್ದರೆ ಆ ಗಂಟೆ ಬರೆದುಕೋ.

ಟೈಮ್‌ಶೀಟ್ ಮಾತ್ರ ನೆಟ್ಟಗೆ ಬರೆ. ಮಿನಿಜಾಬ್ ಆದರೆ ಶುರು, ಕೊನೆ, ಒಟ್ಟು ಎಷ್ಟು ಅಂತ 7 ದಿನದೊಳಗೆ ಬರೆದಿರಲೇಬೇಕು. ನನ್ನ ಹತ್ತಿರ ಬರೋ ಶೀಟುಗಳಲ್ಲಿ ಅರ್ಧಕ್ಕರ್ಧ ಎಕ್ಸೆಲ್‌ನಲ್ಲಿ ಎಳೆದು ತುಂಬಿಸಿದ್ದು. 9ರಿಂದ 12, 9ರಿಂದ 12, ಕೆಳಗಿನ ತನಕ. ಒಬ್ಬ ಹಾಗೆ ಎಳೆದದ್ದರಲ್ಲಿ ಭಾನುವಾರಗಳೂ ಬಂದಿದ್ದವು, ಅಕ್ಟೋಬರ್ 3ರ ರಾಷ್ಟ್ರೀಯ ರಜೆಯೂ ಬಂದಿತ್ತು. ಪರ್ಸನಲ್ ವಿಭಾಗದಿಂದ ಕೆಂಪು ಪೆನ್ನಿನ ಗೀಟು ಹಾಕಿಸಿಕೊಂಡು ವಾಪಸ್ ಬಂತು. ಆ ತಿಂಗಳ ಸಂಬಳ ಅವನಿಗೆ ತಡವಾಯಿತು.

ಕೊನೆಗೆ ಒಂದು ಮಾತು ಕೇಳಿ ನೋಡು. 2023ರ ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರಗಳಿಗೂ ಯೂನಿಯನ್‌ಗಳಿಗೂ ಆದ ಒಪ್ಪಂದದಲ್ಲಿ ಹಿವಿಗಳಿಗೆ ಕನಿಷ್ಠ ಕೂಲಿ ನಿಗದಿ ಮಾಡಿದರು. ನಿನ್ನ 13.98 ಬಂದದ್ದು ಅಲ್ಲಿಂದಲೇ. ದೇಶದ ಸಾಮಾನ್ಯ ಕನಿಷ್ಠ ಕೂಲಿ 2025ರಲ್ಲಿ 12.82 ಇತ್ತು. ಅದೇ ಒಪ್ಪಂದದಲ್ಲಿ ಕಾಂಟ್ರಾಕ್ಟ್ ಸಾಮಾನ್ಯವಾಗಿ ಒಂದು ವರ್ಷದ್ದಿರಬೇಕು ಅಂತಲೂ ಇದೆ. ಕಾರಣ ಇದ್ದರೆ ಕಡಿಮೆ ಮಾಡಬಹುದು. ಅಸೈನ್‌ಮೆಂಟ್ ತಿದ್ದೋದು ಒಂದು ಸೆಮಿಸ್ಟರಿನ ಕೆಲಸ, ಸರಿ. ಸಿಮ್ಯುಲೇಷನ್ ಡೇಟಾ ಮಾರ್ಚ್ 31ಕ್ಕೆ ಮುಗಿದುಹೋಗುತ್ತಾ? ಹಾಗಂತ ನಯವಾಗಿ ಕೇಳು. ನಿವಾಸ ಪರ್ಮಿಟ್ ನವೀಕರಣಕ್ಕೆ ಹೋದಾಗಲೂ ಕೈಯಲ್ಲಿ ಒಂದು ವರ್ಷದ ಕಾಗದ ಇದ್ದರೆ ಒಳ್ಳೆಯದು. ಬರ್ಲಿನ್, ಹೆಸ್ಸೆನ್ ಕಡೆಯವರು ಇದನ್ನು ಓದುತ್ತಿದ್ದರೆ, ನಿಮ್ಮ ಒಪ್ಪಂದ ಬೇರೆ. ನನ್ನ ಅಂಕಿ ನಂಬಿಕೊಂಡು ಜಗಳಕ್ಕೆ ಹೋಗಬೇಡಿ.

ಮಂಡ್ಯ_ಮ್ಯೂನಿಕ್

ಅಪ್ಪೆಹುಳಿ ಮೇಡಂ ಎಲ್ಲ ಹೇಳಿಬಿಟ್ಟರು. ನನ್ನದೊಂದು ಸಣ್ಣ ಸೇರ್ಪಡೆ, ಬವೇರಿಯಾಕ್ಕೆ ಬರೋರಿಗೆ. ಇಲ್ಲಿ ಹಿವಿ ಆದರೂ ಸರ್ಕಾರಿ ಕೆಲಸ ಅಂತಲೇ ಲೆಕ್ಕ. ಸಂವಿಧಾನಕ್ಕೆ ನಿಷ್ಠರಾಗಿದ್ದೀರಾ ಅನ್ನೋ ಪ್ರಶ್ನಾವಳಿ ತುಂಬಬೇಕು. ಜೊತೆಗೆ ಸಂಘಟನೆಗಳ ಒಂದು ಉದ್ದ ಪಟ್ಟಿ. ಸೈಂಟಾಲಜಿ ಅನ್ನೋ ಪಂಥದ ಜೊತೆ ಸಂಬಂಧ ಇದೆಯಾ ಅಂತ ಕೇಳೋ ಹಾಳೆಯೇ ಬೇರೆ ಇರುತ್ತೆ! ನನಗೆ ಆ ಹೆಸರೇ ಗೊತ್ತಿರಲಿಲ್ಲ, ಗೂಗಲ್ ಮಾಡಿ ಇಲ್ಲ ಅಂತ ಟಿಕ್ ಹಾಕಿದೆ. ನಗಬೇಡಿ. ಆ ಒಂದು ಹಾಳೆ ಬಿಟ್ಟುಹೋದರೂ ಫೈಲ್ ಮುಂದಕ್ಕೆ ಹೋಗೋದಿಲ್ಲ. ಟ್ಯಾಕ್ಸ್ ಐಡಿ, ಪೆನ್ಷನ್ ನಂಬರ್, ಆರೋಗ್ಯ ವಿಮೆಯ ಸದಸ್ಯತ್ವ ಪತ್ರ, ಪರ್ಮಿಟ್ ಕಾರ್ಡಿನ ಎರಡೂ ಬದಿಯ ಕಾಪಿ, ಈ ಸೆಮಿಸ್ಟರಿನ ದಾಖಲಾತಿ ಪತ್ರ. ಎಲ್ಲ ಒಂದೇ ಪಿಡಿಎಫ್ ಮಾಡಿ ಕೊಟ್ಟುಬಿಡಿ. ಮೊದಲ ಸಂಬಳ ಒಂದು ತಿಂಗಳು ತಡ ಆಗೋದು ಮಾಮೂಲು. ಬಾಡಿಗೆಗೆ ದುಡ್ಡು ಎತ್ತಿಟ್ಟುಕೊಂಡಿರಿ.

ಹಳೇ_ಹುಲಿ_ತುಮಕೂರು

140 ಆಗಿದ್ದು ಗೊತ್ತಿರಲಿಲ್ಲ. ಆದರೂ ಪ್ರೊಫೆಸರ್‌ಗೆ ಮೇಲ್ ಹಾಕುವಾಗ ಸ್ವಲ್ಪ ನೋಡಿಕೊಂಡು ಹಾಕು. ಕೆಲವರಿಗೆ ಕೋಪ ಬರುತ್ತೆ.

ಬೆಣ್ಣೆದೋಸೆ_ದಾವಣಗೆರೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಲ್ ಹಾಕಿದೆ. ಪ್ರೊಫೆಸರ್ ಒಂದೇ ಪದ ಉತ್ತರ ಕೊಟ್ಟರು: "ಓಕೆ." ಸೆಕ್ರೆಟರಿ ಮಾತ್ರ ಫೋನ್ ಮಾಡಿ ಹತ್ತು ನಿಮಿಷ ಮಾತಾಡಿದರು. ಕಾಂಟ್ರಾಕ್ಟ್ ನವೆಂಬರ್ ಮಧ್ಯದಿಂದ ಶುರು. ಒಂದು ವರ್ಷ ಆಗಲಿಲ್ಲ, ಸೆಪ್ಟೆಂಬರ್ 30ರ ತನಕ ಒಪ್ಪಿದ್ದಾರೆ. ಕಂಪನಿಯವರು 11 ಗಂಟೆಗೆ ಹೂಂ ಅಂದರು.

ಇನ್ನೊಂದು ಡೌಟ್. ನನ್ನ ಥೀಸಿಸ್ ಜುಲೈಗೆ ಮುಗಿಯಬಹುದು. ರಿಸಲ್ಟ್ ಆಗಸ್ಟ್‌ನಲ್ಲಿ ಬಂದರೆ ಸೆಪ್ಟೆಂಬರ್ ತನಕದ ಕಾಂಟ್ರಾಕ್ಟ್ ಕಥೆ ಏನು?

ಶಿರಸಿ_ಅಪ್ಪೆಹುಳಿ

ಸೆಕ್ರೆಟರಿಗೆ ಊರಿಂದ ಬರುವಾಗ ಏನಾದರೂ ತಾ.

ರಿಸಲ್ಟ್ ಲಿಖಿತವಾಗಿ ನಿನಗೆ ತಿಳಿಸಿದ ತಿಂಗಳ ಕೊನೆ ತನಕ ಮಾತ್ರ ವಿದ್ಯಾರ್ಥಿಯ ಇನ್ಶೂರೆನ್ಸ್ ವಿನಾಯಿತಿ. ಆಗಸ್ಟ್‌ನಲ್ಲಿ ಬಂದರೆ ಸೆಪ್ಟೆಂಬರ್‌ನಿಂದ ಕಂಪನಿ ಕೆಲಸದಲ್ಲಿ ಎಲ್ಲ ಕಟಾವು ಶುರು. ಹೆಸರು ಸೆಪ್ಟೆಂಬರ್ 30ರ ತನಕ ದಾಖಲಾತಿಯಲ್ಲಿ ಇದ್ದರೂ ಅಷ್ಟೇ. ಹಿವಿ ಕಾಂಟ್ರಾಕ್ಟ್‌ಗೆ ಮಾತ್ರ ದಾಖಲಾತಿಯೇ ಮುಖ್ಯ. ಅವಸರ ಮಾಡಿ ನೀನೇ ಹೆಸರು ತೆಗೆಸಬೇಡ. ನಿನ್ನ ಕಾಂಟ್ರಾಕ್ಟ್‌ನಲ್ಲಿ "ದಾಖಲಾತಿ ಮುಗಿದ ದಿನ ಕೆಲಸವೂ ಮುಗಿಯುತ್ತೆ" ಅನ್ನೋ ಸಾಲು ಇದೆಯಾ ಅಂತ ಓದು, ಬಹಳ ಕಡೆ ಇರುತ್ತೆ. ಏಪ್ರಿಲ್‌ಗೆ ಮುಂಚೆ ಬೇಸಿಗೆ ಸೆಮಿಸ್ಟರಿನ ದಾಖಲಾತಿ ಪತ್ರವನ್ನು ಕೇಳದೆಯೇ ಕಳಿಸಿಬಿಡು. ಡಿಗ್ರಿ ಆದಮೇಲೆ ಕೆಲಸ ಹುಡುಕೋಕೆ 18 ತಿಂಗಳ ಪರ್ಮಿಟ್ ಸಿಗುತ್ತೆ. ಅದರ ಅಪಾಯಿಂಟ್‌ಮೆಂಟ್ ಸಿಗೋದೇ ಕಷ್ಟ, ಜೂನ್‌ನಲ್ಲೇ ಬುಕ್ ಮಾಡು.

ಮತ್ತೆ, 13.98 ಅನ್ನೋದು 2025ರ ಕನಿಷ್ಠ ದರ. ಬ್ಯಾಚುಲರ್ ಮುಗಿಸಿದವರಿಗೆ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಜಾಸ್ತಿ ಕೊಡುತ್ತಾರೆ. ನಿನ್ನ ಬಿ.ಇ. ಸರ್ಟಿಫಿಕೇಟ್ ಆ ಪಿಡಿಎಫ್‌ನಲ್ಲಿ ಇದೆಯಾ?