ಎಕ್ಸ್‌ಟಿ ಫ್ಲಾಪಿಯಿಂದ ಲ್ಯಾಪ್‌ಟಾಪ್‌ಗೆ ಪ್ರಸಂಗದ ಫೈಲು ತರುವುದು ಹೇಗೆ?

ಪ್ರಶ್ನೆ (ಶಿರಸಿ): ನಮ್ಮ ಅಪ್ಪಯ್ಯ ಬರೆದ ಯಕ್ಷಗಾನ ಪ್ರಸಂಗಗಳು ಹಳೆ ಪಿಸಿ ಎಕ್ಸ್‌ಟಿಯಲ್ಲಿವೆ. ಭಾರತೀಯ ಭಾಷೆ ಬರುವ ಹಾಗೆ ಮಾಡುವ ಜಿಸ್ಟ್ ಕಾರ್ಡ್ ಹಾಕಿ ಕನ್ನಡದಲ್ಲೇ ಟೈಪ್ ಮಾಡಿದ್ದರು. ಎಲ್ಲ 360 ಕೆಬಿಯ ಐದೂಕಾಲು ಇಂಚಿನ ಫ್ಲಾಪಿ. ಪರಿಚಯದವರ 286 (ಎಕ್ಸ್‌ಟಿಯ ನಂತರದ ಪಿಸಿ) ಸಿಕ್ಕಿದೆ, ಅದರಲ್ಲಿ 1.2 ಎಂಬಿ ಡ್ರೈವೂ ಮೂರೂವರೆ ಇಂಚಿನ 1.44 ಎಂಬಿ ಡ್ರೈವೂ ಇವೆ. ಅದು ಈ ಫ್ಲಾಪಿ ಓದುತ್ತದೆ. ಆದರೆ ಅದರಲ್ಲಿ ಒಂದು ಫೈಲು ಬರೆದು ವಾಪಸ್ ಹಾಕಿದರೆ ಎಕ್ಸ್‌ಟಿ ಓದುವುದಿಲ್ಲ. ಡ್ರೈವ್ ಹಾಳಾಗಿದೆಯಾ?

ಉತ್ತರ (ಕಂಪ್ಯೂಟರ್ ರಿಪೇರಿ, ಕಾರವಾರ): ಡ್ರೈವ್ ಸರಿಯಾಗೇ ಇದೆ. ದಯವಿಟ್ಟು ಆ ಫ್ಲಾಪಿಗಳಿಗೆ 286ರಲ್ಲಿ ಇನ್ನೇನೂ ಬರೆಯಬೇಡಿ. ಮೊದಲು ಅಂಚಿನ ಕಚ್ಚಿಗೆ ಟೇಪ್ ಅಂಟಿಸಿ, ಆಗ ಡ್ರೈವ್ ಅದಕ್ಕೆ ಬರೆಯುವುದಿಲ್ಲ.

ಎಕ್ಸ್‌ಟಿ ಡ್ರೈವ್ ಒಂದು ಬದಿಗೆ 40 ಟ್ರ್ಯಾಕ್ (ಉಂಗುರದಂಥ ಗೆರೆ) ಬರೆಯುತ್ತದೆ, ಒಂದೊಂದೂ ಸುಮಾರು 0.33 ಮಿ.ಮೀ. ಅಗಲ. 1.2 ಎಂಬಿ ಡ್ರೈವಿಗೆ 80 ಟ್ರ್ಯಾಕು, ಓದಿ ಬರೆಯುವ ಹೆಡ್ಡು ಅದರ ಅರ್ಧದಷ್ಟು ಅಗಲ. ಓದುವುದಕ್ಕೆ ಅಡ್ಡಿಯಿಲ್ಲ. ಬರೆದಾಗ ಮಾತ್ರ ಹೊಸ ಗೆರೆ ಸಣ್ಣದಾಗಿ ಬೀಳುತ್ತದೆ, ಹಳೇದು ಅದರ ಪಕ್ಕದಲ್ಲಿ ಹಾಗೇ ಉಳಿಯುತ್ತದೆ. ಎಕ್ಸ್‌ಟಿಯ ಅಗಲ ಹೆಡ್ಡಿಗೆ ಎರಡೂ ಒಟ್ಟಿಗೆ ಕೇಳಿಸುತ್ತವೆ, ಅದಕ್ಕೇ ಎರರ್.

ನಿಮಗೆ ಬೇಕಾದ್ದು ಲ್ಯಾಪ್‌ಟಾಪಿಗೆ ತರುವುದು, ಅಲ್ವಾ? ಹಾಗಾದರೆ 286ರಲ್ಲಿ ಓದಿಸಿ, ಮೂರೂವರೆ ಇಂಚಿನ ಫ್ಲಾಪಿಗೆ ಕಾಪಿ ಮಾಡಿ. ಅದನ್ನು 1.44ಕ್ಕೇ ಫಾರ್ಮ್ಯಾಟ್ ಮಾಡಿ, 720 ಕೆಬಿ ಬೇಡ. ಲ್ಯಾಪ್‌ಟಾಪಿಗೆ ಸಿಕ್ಕಿಸುವ ಎಷ್ಟೋ ಯುಎಸ್‌ಬಿ ಫ್ಲಾಪಿ ಡ್ರೈವ್‌ಗಳು 720 ಓದುವುದಿಲ್ಲ.

ಇನ್ನೊಂದು ಮಾತು. ಶಿರಸಿಯ ಮಳೆಗಾಲ ನೋಡಿದ ಫ್ಲಾಪಿಗಳಿವು. ಹಾಕುವ ಮೊದಲು ನಡುವಿನ ತೂತಿಗೆ ಬೆರಳಿಟ್ಟು ಮೆಲ್ಲಗೆ ತಿರುಗಿಸಿ, ಉದ್ದ ಕಿಂಡಿಯಲ್ಲಿ ನೋಡಿ. ಬಿಳಿ ಚುಕ್ಕೆ ಕಂಡರೆ ಅದು ಬೂಸ್ಟು. ಹಾಗೇ ಹಾಕಿದರೆ ಲೇಪ ಕೆರೆದು ಹೋಗುತ್ತದೆ, ಹೆಡ್ಡಿಗೆ ಮೆತ್ತಿಕೊಂಡ ಬೂಸ್ಟು ಮುಂದಿನ ಫ್ಲಾಪಿಯನ್ನೂ ಕೆಡಿಸುತ್ತದೆ. ಅಂಥದ್ದನ್ನು ಬೇರೆ ಇಡಿ. ಅದನ್ನು ಕವರಿನಿಂದ ತೆಗೆದು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಬೇಕು, ತಂದರೆ ನಾನೇ ಮಾಡಿಕೊಡುತ್ತೇನೆ.

ಪ್ರಶ್ನೆ: ಒಂದು ಫೈಲು ಬಂತು! ಆದರೆ ಲ್ಯಾಪ್‌ಟಾಪಿನಲ್ಲಿ ಕನ್ನಡವೇ ಇಲ್ಲ, ಬರೀ ವಿಚಿತ್ರ ಚಿಹ್ನೆ. ಕೆಟ್ಟುಹೋಯಿತಾ?

ಉತ್ತರ: ಇಲ್ಲ, ಪ್ರಸಂಗ ಅದರೊಳಗೇ ಇದೆ. ಜಿಸ್ಟ್ ಕಾರ್ಡ್ ಅಕ್ಷರಗಳನ್ನು ಇಸ್ಕಿ ಎಂಬ ಭಾರತೀಯ ಲಿಪಿಗಳ ಹಳೆ ಕೋಡಿನಲ್ಲಿ ಇಡುತ್ತದೆ, ಈಗಿನ ಕಂಪ್ಯೂಟರುಗಳ ಯೂನಿಕೋಡಿನಲ್ಲಲ್ಲ. ಆ ಫೈಲನ್ನು ಎಡಿಟರಿನಲ್ಲಿ ತೆರೆದು ಸೇವ್ ಮಾಡಬೇಡಿ. ಇಸ್ಕಿಯಿಂದ ಯೂನಿಕೋಡಿಗೆ ಬದಲಿಸುವ ಕನ್ವರ್ಟರ್‌ಗೆ ಒಂದು ಪ್ರತಿ ಕೊಡಿ. ಭಾಷೆ ಕನ್ನಡ ಅಂತ ಆರಿಸುವುದನ್ನು ಮರೆಯಬೇಡಿ. ಇಸ್ಕಿಯಲ್ಲಿ ಎಲ್ಲ ಲಿಪಿಗಳ ‘ಕ’ಕ್ಕೂ ಒಂದೇ ಕೋಡು, ಆರಿಸದಿದ್ದರೆ ಭಾಗವತರ ಪದ್ಯಗಳೆಲ್ಲ ದೇವನಾಗರಿಯಲ್ಲಿ ಬಂದಾವು.