ಸಹಾಯ ಬೇಕು: ಕನ್ನಡ ಸಿನಿಮಾಗಳಲ್ಲಿ ಹದಿಹರೆಯದವರು

ಎಲ್ಲರಿಗೂ ನಮಸ್ಕಾರ. ಪತ್ರಿಕೋದ್ಯಮ ಎಂ.ಎ. ಓದುತ್ತಿದ್ದೇನೆ. ನಮ್ಮ ಸಿನಿಮಾಗಳು ಹದಿಹರೆಯದವರನ್ನು ಹೇಗೆ ತೋರಿಸುತ್ತವೆ ಅನ್ನೋದು ನನ್ನ ಪ್ರಾಜೆಕ್ಟ್.

ಸದ್ಯಕ್ಕೆ ಎರಡು ಸಿನಿಮಾ ಹಿಡಿದುಕೊಂಡಿದ್ದೇನೆ. ಒಂದು 1972ರ 'ನಾಗರಹಾವು', ಇನ್ನೊಂದು 2019ರ 'ಗಂಟುಮೂಟೆ'. 'ನಾಗರಹಾವು' ಸಿನಿಮಾದ ರಾಮಾಚಾರಿ ಕಾಲೇಜು ಹುಡುಗ, ಸಿಟ್ಟಿನವನು. ಪ್ರಿನ್ಸಿಪಾಲರನ್ನು ಕಂಬಕ್ಕೆ ಕಟ್ಟುವ ದೃಶ್ಯ ನೆನಪಿದೆಯಲ್ವಾ? ಅಲ್ಲಿ ಹುಡುಗ ಅಂದರೆ ಊರಿಗೇ ಒಂದು ಸಮಸ್ಯೆ. ಅವನನ್ನು ತಿದ್ದೋಕೆ ಚಾಮಯ್ಯ ಮೇಷ್ಟ್ರೇ ಬೇಕು. 'ಗಂಟುಮೂಟೆ'ಯಲ್ಲಿ ಹಾಗಿಲ್ಲ. 90ರ ದಶಕದ ಹೈಸ್ಕೂಲು ಹುಡುಗಿ ಮೀರಾ ತನ್ನ ಕಥೆಯನ್ನು ತಾನೇ ಹೇಳುತ್ತಾಳೆ. ಹುಡುಗಿ ಹುಡುಗನನ್ನು ನೋಡುವ ನೋಟ ನಮ್ಮಲ್ಲಿ ಅಪರೂಪ. ನಿರ್ದೇಶಕಿ ರೂಪಾ ರಾವ್ ಅದನ್ನು ನಾಚಿಕೆಯ ವಿಷಯ ಮಾಡಿಲ್ಲ, ನನಗೆ ತುಂಬಾ ಹಿಡಿಸಿದ್ದು ಅದೇ.

ಸಿಕ್ಕಿಹಾಕಿಕೊಂಡಿರೋದು ಇಲ್ಲಿ. ನನ್ನ ಬರಹ ಸುಮ್ನೆ ಕಥೆ ಹೇಳಿದ ಹಾಗೆ ಆಗುತ್ತಿದೆ. ಕ್ಯಾಮೆರಾ ಯಾರ ಕಣ್ಣಿಂದ ನೋಡುತ್ತೆ, ದೊಡ್ಡವರಿಗೆ ಎಷ್ಟು ಮಾತು ಕೊಟ್ಟಿದ್ದಾರೆ, ಪಾತ್ರಧಾರಿಯ ವಯಸ್ಸು ಎಷ್ಟು ಅಂತೆಲ್ಲ ಗುರುತು ಹಾಕುತ್ತಿದ್ದೇನೆ. ರಾಮಾಚಾರಿಯ ಪಾತ್ರ ಮಾಡಿದ ವಿಷ್ಣುವರ್ಧನ್‌ಗೆ ಆಗ 22 ವರ್ಷ. ಆ ವಯಸ್ಸಿನ ಮೈಕಟ್ಟು ಕಂಡಾಗ ಪ್ರೇಕ್ಷಕರು ರಾಮಾಚಾರಿಯನ್ನು ಹುಡುಗ ಅಂತ ನೋಡುತ್ತಾರೋ, ಹೀರೋ ಅಂತಲೋ? ಇದನ್ನು ವಿಶ್ಲೇಷಣೆಗೆ ತರೋದು ಹೇಗೆ?

ಇನ್ನೊಂದು ವಿಷಯ. ಹಳ್ಳಿಯ, ಅಥವಾ ಓದು ಬಿಟ್ಟು ಕೆಲಸಕ್ಕೆ ಹೋಗುವ 13-19ರ ಮಕ್ಕಳು ಮುಖ್ಯ ಪಾತ್ರದಲ್ಲಿರುವ ಕನ್ನಡ ಸಿನಿಮಾ ಗೊತ್ತಿದ್ದರೆ ಹೇಳಿ. ಕಾಲೇಜು ಕ್ಯಾಂಪಸ್ ಲವ್ ಸ್ಟೋರಿಗಳು ಬೇಡ, ಅವು ಜಾಸ್ತಿನೇ ಇವೆ. ಸಿನಿಮಾ ಪಾಠ ಮಾಡುವವರು ಇದ್ದರೆ, ಒಂದು ದೃಶ್ಯವನ್ನು ಶಾಟ್ ಶಾಟ್ ಆಗಿ ಬಿಡಿಸಿ ಬರೆದ ಮಾದರಿ ಇದ್ದರೆ ದಯವಿಟ್ಟು ಹಂಚಿಕೊಳ್ಳಿ.